ನಾಲ್ಕು ದೇಶಗಳನ್ನು ಒಂದು ಮಾಡಿದ ಒಂಬತ್ತು ವಾರ

ಬ್ರೆಜಿಲ್, ಆರ್ಜೆಂಟೀನಾ, ಉರುಗ್ವೆ, ಪರಾಗ್ವೆ. ಈ ನಾಲ್ಕು ದೇಶಗಳನ್ನು ನಾನು ಒಂದು ಮಾಡಿದ್ದೆ. ಅವುಗಳ ಅಧ್ಯಕ್ಷರು ವರ್ಷಗಟ್ಟಲೆ ಸಭೆ ಸೇರಿ, ಕೈ ಕುಲುಕಿ, ಫೋಟೊ ತೆಗೆಸಿಕೊಂಡರೂ ಪೂರ್ತಿಯಾಗದ ಕೆಲಸವನ್ನು ನಾನು ಜರ್ಮನಿಯ ಬೊಬ್ಲಿಂಗೆನ್ನಿನ ಒಂದು ಪಂಪ್ ಕಂಪನಿಯ ಎರಡನೇ ಮಹಡಿಯಲ್ಲಿ ಕೂತು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಒಂಬತ್ತು ವಾರ ನಡೆಯಿತು. ಹತ್ತನೇ ವಾರ ಒಂದು ಸೇತುವೆಯ ಮೇಲೆ ಹೋಗಿ ನಿಂತಿತು.

ಈಗ ನಿವೃತ್ತಳಾಗಿದ್ದೇನೆ. ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಕೂಟಗಳಲ್ಲಿ ಸಿಕ್ಕಾಗ, "ಆಂಟಿ, ನಿಮ್ಮ ಕಾಲದಾಗ ಹೆಂಗಿತ್ತು, ನಮಗೂ ಒಂದೀಟು ಟಿಪ್ಸ್ ಕೊಡ್ರಿ" ಅನ್ನುತ್ತಾರೆ. ಮೊದಲು ಆಂಟಿ ಅನ್ನುವುದನ್ನು ಬಿಡಿ ಎನ್ನುವುದೇ ನನ್ನ ಟಿಪ್ಸು. ಪ್ರಮೋಷನ್ ಹೇಗೆ ಸಿಗುತ್ತದೆ ಎನ್ನುವುದನ್ನು ಸಿಕ್ಕವರನ್ನು ಕೇಳಿಕೊಳ್ಳಿ. ನನ್ನ ಹತ್ತಿರ ಇರುವುದು ಒಂದು ದೊಡ್ಡ ತಪ್ಪು, ಅದರ ಬೆನ್ನಿಗೇ ಹುಟ್ಟಿದ ಇನ್ನೊಂದು. ಎರಡನ್ನೂ ಬರೆಯುತ್ತೇನೆ.

ನನಗೆ ಗ್ರೀನ್ ಕಾರ್ಡ್ ಬಂತು ಎಂದಾಗ ಗೋಕಾಕದ ನಮ್ಮ ಓಣಿಯವರೆಲ್ಲ ನಾನು ಅಮೆರಿಕಕ್ಕೆ ಹೊರಟೆ ಎಂದೇ ತಿಳಿದಿದ್ದರು. ಜರ್ಮನಿ ಎಂದ ಕೂಡಲೇ ಕೆಲವರ ಮುಖ ಸಪ್ಪಗಾಯಿತು. ಇಲ್ಲಿ ಬಂದು ನೋಡಿದರೆ ಆ ಕಾರ್ಡು ಹಸಿರೂ ಇಲ್ಲ, ಕಾರ್ಡೂ ಅಲ್ಲ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ. ಕಂಪ್ಯೂಟರ್ ಬಲ್ಲವರು ಬೇಕು, ಬೇಗ ಬನ್ನಿ ಎಂದು ಕರೆದವರೇ ಐದು ವರ್ಷಕ್ಕೆ ಎದ್ದು ಹೋಗಿ ಎಂದೂ ಅದರಲ್ಲಿ ಬರೆದಿದ್ದರು. ಮದುವೆಗೆ ಕರೆದು, ಎಲೆ ಹಾಕುವಾಗಲೇ ವಾಪಸು ಬಸ್ಸಿನ ಟೈಮು ಹೇಳಿದ ಹಾಗೆ. ನೌಕರಿ ಹೋದರೆ ಆ ಐದು ವರ್ಷವೂ ಖಾತ್ರಿಯಿಲ್ಲ. ನಲವತ್ತು ದಾಟಿದ ಹೆಂಗಸು ನಾನು, ಪುಣೆಯ ಒಳ್ಳೆಯ ಕೆಲಸ ಬಿಟ್ಟು ಬಂದಿದ್ದೆ.

ನಮ್ಮ ಯಜಮಾನರು ನನ್ನ ಹಿಂದೆ ಬಂದರು. ಅವರು ಕರ್ನಾಟಕ ಮಹಾರಾಷ್ಟ್ರ ಗಡಿಯ ಒಂದು ಚೆಕ್‌ಪೋಸ್ಟಿನಲ್ಲಿ ಹದಿನೆಂಟು ವರ್ಷ ರಸ್ತೆಗೆ ಹಗ್ಗ ಅಡ್ಡ ಕಟ್ಟಿ ಲಾರಿಗಳ ಕಾಗದ ನೋಡಿದವರು. ಉದ್ದ ರಜೆ ಹಾಕಿ ಬಂದಿದ್ದರು. ಅವರ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಎಂದು ಮುದ್ರೆ ಒತ್ತಿದ್ದರು. "ನಮ್ಮ ಡಿಪಾರ್ಟ್‌ಮೆಂಟಿನಾಗ ಇದನ್ನ ಬಾಯಿಲೆ ಹೇಳ್ತಿದ್ರು, ಇಲ್ಲಿ ಬರದು ಕೊಟ್ಟಾರ" ಎಂದು ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು. ಮನೆಯಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಕಲಿತರು. ನನಗಿಂತ ತೆಳುವಾಗಿ ಬಡಿಯುತ್ತಿದ್ದರು ಎನ್ನುವುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ನಮ್ಮ ಕಂಪನಿ ಹಾಲಿನ ಡೇರಿಗಳಿಗೆ ಪಂಪು ಮಾಡುತ್ತಿತ್ತು. ದಕ್ಷಿಣ ಅಮೆರಿಕದಲ್ಲಿ ದನಗಳು ಜಾಸ್ತಿ, ಡೇರಿಗಳೂ ಜಾಸ್ತಿ, ಹಾಗಾಗಿ ಪಂಪುಗಳು ಹಡಗು ಹತ್ತಿ ಅಲ್ಲಿಗೆ ಹೋಗುತ್ತಿದ್ದವು. ಪಂಪು ಕಳಿಸುವುದು ಸುಲಭ, ಅದರ ಜೊತೆ ಕಾಗದ ಕಳಿಸುವುದು ಕಷ್ಟ. ಯಾವ ದೇಶಕ್ಕೆ ಯಾವ ಪತ್ರ, ಎಷ್ಟು ಪ್ರತಿ, ಎಲ್ಲಿ ಮುದ್ರೆ, ಇದೆಲ್ಲವನ್ನೂ ಇಪ್ಪತ್ತೊಂಬತ್ತು ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರೇ ಫ್ರೌ ಲೆನ್ಜ್. ಇಲ್ಲಿ ಫ್ರೌ ಎಂದರೆ ಶ್ರೀಮತಿ, ಹೆರ್ ಎಂದರೆ ಶ್ರೀ. ಐವತ್ತೇಳು ವರ್ಷ, ಗಿಡ್ಡ ಕೂದಲು, ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಗಂಡ ತೀರಿಕೊಂಡಿದ್ದರು. ದಕ್ಷಿಣ ಅಮೆರಿಕದ ಒಂದೊಂದು ಗಡಿಕಟ್ಟೆಯೂ ಅವರಿಗೆ ಅಂಗೈ ಗೆರೆ. ಆದರೆ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. ಅವರ ಜ್ಞಾನವೆಲ್ಲ ಮೇಜಿನ ಮೇಲಿದ್ದ ಒಂದು ಕಟ್ಟಿಗೆ ಡಬ್ಬಿಯಲ್ಲಿ, ಕೈಯಿಂದ ಬರೆದ ಕಾರ್ಡುಗಳಲ್ಲಿ ಇತ್ತು.

ನನ್ನನ್ನು ಕರೆಸಿದ್ದೇ ಆ ಡಬ್ಬಿಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು. ಇದರ ಅರ್ಥ ಇಡೀ ಮಹಡಿಗೆ ಗೊತ್ತಿತ್ತು. ನನ್ನ ಪ್ರೋಗ್ರಾಂ ಗೆದ್ದರೆ ಫ್ರೌ ಲೆನ್ಜ್ ಅವರ ಕುರ್ಚಿಗೆ ಸಂಚಕಾರ. ಅವರ ಪಿಂಚಣಿಗೆ ಇನ್ನೂ ಮೂರು ವರ್ಷ ಬಾಕಿಯಿತ್ತು. ಅವರು ಆಡುತ್ತಿದ್ದದ್ದು ಈ ಕಡೆಯ ಸ್ವಾಬಿಯನ್ ಜರ್ಮನ್. ಅದು ನಮ್ಮ ಮಾತಿನ ಹಾಗೆಯೇ ಗಡುಸು, ಅದಕ್ಕೇ ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ದಿನ ನನ್ನ ಕೈ ಕುಲುಕಿ, "ಬರ್ರಿ ಫ್ರೌ ಪಾಟೀಲ. ನಾ ಇಲ್ಲಿಂದ ಹೋಗಾಕಿ ಹೌದು, ಆದ್ರ ನನ್ನ ತಾರೀಖಿಗೆ ಹೋಗ್ತೀನಿ. ನಿಮ್ಮ ಕಂಪ್ಯೂಟರಿನ ತಾರೀಖಿಗಲ್ಲ" ಎಂದರು. ಬೈದರೋ ಸ್ವಾಗತ ಮಾಡಿದರೋ ತಿಳಿಯದೆ ನಾನು ಹಲ್ಲು ಬಿಟ್ಟು ನಿಂತೆ.

ಮೇಲಧಿಕಾರಿ ಹೆರ್ ಬ್ರಾಂಟ್. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. ಪ್ರತಿ ವಾಕ್ಯಕ್ಕೂ ಮೊದಲು "ಮೂಲತಃ" ಎನ್ನುತ್ತಿದ್ದರು.

"ಮೂಲತಃ ಇದು ಸರಳ, ಫ್ರೌ ಪಾಟೀಲ. ಈ ನಾಲ್ಕು ದೇಶಗಳು ಸೇರಿ ಒಂದು ಮಾರುಕಟ್ಟೆ ಮಾಡಿಕೊಂಡಿವೆ. ಮೆರ್ಕೊಸೂರ್ ಎಂದು ಹೆಸರು. ನಮ್ಮ ಯುರೋಪಿನ ಹಾಗೆಯೇ. ನಾನು ಶನಿವಾರ ಗಾಡಿ ತೆಗೆದುಕೊಂಡು ಸ್ಟ್ರಾಸ್‌ಬುರ್ಗಿಗೆ ಹೋಗಿ ಚೀಸ್ ತರುತ್ತೇನೆ. ಫ್ರಾನ್ಸಿನ ಗಡಿಯಲ್ಲಿ ಯಾರಾದರೂ ನನ್ನನ್ನು ತಡೆಯುತ್ತಾರೆಯೇ? ಇಲ್ಲ. ಅಲ್ಲೂ ಅಷ್ಟೇ."

ಎಂದು ಹೇಳಿ ಆ ಒಪ್ಪಂದದ ಇಂಗ್ಲಿಷ್ ಪ್ರತಿಯನ್ನು ನನ್ನ ಕೈಗಿಟ್ಟರು. ನಾನೋ ಹತ್ತನೆಯ ಇಯತ್ತೆಯಲ್ಲಿ ತಾಲೂಕಿಗೇ ಮೊದಲು ಬಂದವಳು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದವರಿಗೆ ಪೂರ್ತಿ ಅಂಕ, ಅನುಮಾನ ಕೇಳಿದವರಿಗೆ ಬೆಂಚಿನ ಮೇಲೆ ನಿಲ್ಲುವ ಭಾಗ್ಯ, ಇದು ನಾವು ಕಲಿತ ವಿದ್ಯೆ. ಒಪ್ಪಂದವನ್ನು ಮೂರು ಸಲ ಓದಿ ಬಾಯಿಪಾಠ ಮಾಡಿದೆ. ಸರಕುಗಳು ಸದಸ್ಯ ದೇಶಗಳ ನಡುವೆ ಮುಕ್ತವಾಗಿ ಓಡಾಡತಕ್ಕದ್ದು. ಹೊರಗಿನವರಿಗೆ ಎಲ್ಲರೂ ಒಂದೇ ಸುಂಕ ಹಾಕತಕ್ಕದ್ದು. ಆಹಾ, ಎಷ್ಟು ಚೆಂದ! ಆದೀತು, ಆಗಬಹುದು, ಪ್ರಯತ್ನಿಸೋಣ ಎನ್ನುವ ಮಾತೇ ನನ್ನ ಕಣ್ಣಿಗೆ ಬೀಳಲಿಲ್ಲ. ದೇಶದ ಹೆಸರು ತುಂಬುವ ಜಾಗದಲ್ಲಿ ನಾಲ್ಕಕ್ಕೂ ಸೇರಿ ಒಂದೇ ಕೋಡ್ ಹಾಕಿದೆ. ಬ್ರೆಜಿಲ್ ಬಂದರಿನಲ್ಲಿ ಒಂದು ಸಲ ಸುಂಕ ಕಟ್ಟಿ ಇಳಿಸಿದರೆ ಸಾಕು, ಅಲ್ಲಿಂದ ಮುಂದೆ ಪಂಪು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ನನ್ನ ಪ್ರೋಗ್ರಾಂ ತೀರ್ಪು ಕೊಟ್ಟಿತು. ನಾಲ್ಕು ಕಟ್ಟು ಕಾಗದದ ಬದಲು ಒಂದು ಕಟ್ಟು. ಹೆರ್ ಬ್ರಾಂಟ್ ಖುಷಿಯಲ್ಲಿ "ಮೂಲತಃ" ಎನ್ನುವುದನ್ನೂ ಮರೆತರು.

ಜರ್ಮನ್ ಮ್ಯಾನೇಜರು ತನ್ನ ಊರಿನ ಹಾಗೆಯೇ ಲೋಕ ಇದೆ ಎಂದು ನಂಬಿದ, ಗೋಕಾಕದ ಹೆಣ್ಣುಮಗಳು ಅಚ್ಚಾದದ್ದೆಲ್ಲ ನಿಜ ಎಂದು ನಂಬಿದಳು. ಆತ ಒಬ್ಬನೇ ಇದ್ದಿದ್ದರೆ ಅನುಮಾನ ಬರುತ್ತಿತ್ತೋ ಏನೋ, ನಾನೊಬ್ಬಳೇ ಇದ್ದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆನೋ ಏನೋ. ಇಬ್ಬರೂ ಕೂಡಿದ್ದರಿಂದ ಕೆಲಸ ಪೂರ್ತಿ ಕೆಟ್ಟಿತು.

ಎಚ್ಚರಿಸಿದವರು ಇರಲಿಲ್ಲವೇ? ಇಬ್ಬರಿದ್ದರು. ಫ್ರೌ ಲೆನ್ಜ್ ನನ್ನ ಪರದೆ ನೋಡಿ ಕನ್ನಡಕ ಏರಿಸಿ, "ಇದು ಕಾಗದದಾಗ ಒಂದು. ಸೇತುವಿ ಮ್ಯಾಲೆ ಎರಡು" ಎಂದರು. ತನ್ನ ಕುರ್ಚಿ ಉಳಿಸಿಕೊಳ್ಳಲು ಹೇಳುತ್ತಾರೆ ಎಂದುಕೊಂಡೆ. ನಕ್ಕು, "ನೋಡ್ತೀನ್ರಿ" ಎಂದೆ, ನೋಡಲಿಲ್ಲ.

ಎರಡನೆಯವರು ಮನೆಯಲ್ಲಿದ್ದರು. ಆ ದಿನ ನಮ್ಮವರು ಮೆಟ್ಟಿಲು ಗುಡಿಸುತ್ತಿದ್ದರು. ನಮ್ಮ ಕಟ್ಟಡದಲ್ಲಿ ನಾಲ್ಕು ಮನೆ, ಮೆಟ್ಟಿಲು ಒಂದು. ಒಂದೊಂದು ವಾರ ಒಂದೊಂದು ಮನೆಯವರ ಬಾಗಿಲಿಗೆ ಕೇರ್‌ವೋಖೆ ಎಂಬ ಹಲಗೆ ನೇತು ಬೀಳುತ್ತದೆ, ಆ ವಾರ ಅವರೇ ಗುಡಿಸಬೇಕು. ಸರಕಾರಿ ಅಧಿಕಾರ ಕಳೆದುಕೊಂಡ ಇವರು ಆ ಹಲಗೆಯನ್ನು ಪದವಿಯ ಹಾಗೆ ನಡೆಸಿಕೊಂಡು, ಯಾರ ಬೂಟಿನಿಂದ ಎಷ್ಟು ಮಣ್ಣು ಬಂತು ಎಂದು ಡೈರಿ ಇಟ್ಟಿದ್ದರು. ಪೊರಕೆ ಹಿಡಿದುಕೊಂಡೇ ನನ್ನ ನಾಲ್ಕು ದೇಶಗಳ ಸಾಹಸ ಕೇಳಿದರು.

"ಅಲ್ಲಲೇ ಮಾದೇವಿ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕ ಬೆಲ್ಲದ ಲಾರಿ ಹೋಗ್ಬೇಕಂದ್ರ ಒಂದ ದೇಶ, ಒಂದ ರೂಪಾಯಿ, ಒಬ್ಬನ ಪ್ರಧಾನಮಂತ್ರಿ. ಅಷ್ಟಾದ್ರೂ ನಾ ಹಗ್ಗ ಎತ್ತೂತನಾ ಲಾರಿ ಮಿಸುಕಾಡ್ತಿದ್ದಿಲ್ಲ. ಅಲ್ಲಿ ನಾಕ ದೇಶ, ನಾಕ ನಮೂನಿ ರೊಕ್ಕ. ಹಗ್ಗ ಎತ್ತಾವ್ರು ಯಾರೂ ಇಲ್ಲಂತೇನು?"

"ನಿಮ್ಮ ಚೆಕ್‌ಪೋಸ್ಟ್ ಬುದ್ಧಿ ಬಿಡ್ರಿ. ಇದು ಅಂತರರಾಷ್ಟ್ರೀಯ ಒಪ್ಪಂದ ಐತಿ" ಎಂದೆ.

"ಹಗ್ಗ ಹಿಡದಾಂವ ಒಪ್ಪಂದ ಓದಿರೂದಿಲ್ಲ" ಎಂದು ಅವರು ಇನ್ನೊಂದು ಮೆಟ್ಟಿಲಿಗೆ ಇಳಿದರು.

ಒಂಬತ್ತು ವಾರ ಎಲ್ಲ ಸರಿಯಾಗಿತ್ತು, ಯಾಕೆಂದರೆ ಆ ಒಂಬತ್ತು ವಾರ ಪೆಟ್ಟಿಗೆಗಳು ಹಡಗಿನಲ್ಲೂ ಬ್ರೆಜಿಲ್ಲಿನ ಬಂದರಿನಲ್ಲೂ ಇದ್ದವು. ಹತ್ತನೇ ವಾರ ಅವು ಲಾರಿ ಹತ್ತಿ ಆರ್ಜೆಂಟೀನಾ ಕಡೆ ಹೊರಟವು. ಎರಡು ದೇಶಗಳ ನಡುವೆ ಒಂದು ನದಿ, ನದಿಗೆ ಸೇತುವೆ, ಸೇತುವೆಯ ಆ ತುದಿಗೆ ಹಗ್ಗ ಹಿಡಿದವರು. ಲಾರಿ ನಿಂತಿತು.

ಸಂಗತಿ ಇಷ್ಟೇ. ನಾಲ್ಕು ದೇಶಗಳ ಒಳಗೇ ಹುಟ್ಟಿದ ಮಾಲಿಗೆ ಒಳಗೆ ಓಡಾಡಲು ರಿಯಾಯಿತಿ. ನಮ್ಮ ಪಂಪು ಹುಟ್ಟಿದ್ದು ಬೊಬ್ಲಿಂಗೆನ್ನಿನಲ್ಲಿ. ಅದು ಬ್ರೆಜಿಲ್ಲಿನಲ್ಲಿ ಸುಂಕ ಕಟ್ಟಿ ಒಳಗೆ ಬಂದಿದ್ದರೂ ಆರ್ಜೆಂಟೀನಾದ ಬಾಗಿಲಲ್ಲಿ ಮತ್ತೆ ಹೊರಗಿನದೇ, ಅಲ್ಲಿ ಮತ್ತೆ ಸುಂಕ, ಮತ್ತೆ ಕಾಗದ. ಅದರ ಮೇಲೆ ಒಬ್ಬೊಬ್ಬರದೂ ಒಂದೊಂದು ವಿನಾಯಿತಿ ಪಟ್ಟಿ, ಕಷ್ಟ ಬಂದಾಗ ಪಟ್ಟಿ ಇನ್ನೂ ಉದ್ದ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದೇವೆ ಎಂದು ಊರಿಗೆಲ್ಲ ಹೇಳಿ, ಒಳಗೆ ಒಲೆ ಬೇರೆ ಬೇರೆ ಹೂಡಿದಂತೆ. ತಪ್ಪು ಅವರದಲ್ಲ. ಒಲೆ ಎಷ್ಟಿವೆ ಎಂದು ಕೇಳದವಳು ನಾನು.

ಡೇರಿಯವರು ದಿನಕ್ಕೆ ಮೂರು ಸಲ ಫೋನು ಮಾಡಿದರು. ಹಾಲು ಕೆಡುತ್ತಿತ್ತು. ಹೆರ್ ಬ್ರಾಂಟ್ ಅವರ ಅಂಗಿಯ ಇಸ್ತ್ರಿ ಮೊದಲ ಸಲ ಮುದುಡಿತು. ಫ್ರೌ ಲೆನ್ಜ್ ಯಾರೂ ಹೇಳದೆಯೇ ಡಬ್ಬಿಯಿಂದ ಒಂದು ಕಾರ್ಡು ತೆಗೆದು, ಫೋನು ಹಚ್ಚಿ, ತಮಗೆ ಬರುವ ನಲವತ್ತು ಸ್ಪ್ಯಾನಿಷ್ ಶಬ್ದಗಳಲ್ಲಿ ಆ ಗಡಿಯ ಯಾರೊಂದಿಗೋ ಮಾತಾಡಿದರು. ಮೊದಲು ಆ ಕಡೆಯವರ ಮಗಳ ಬಾಣಂತನ ವಿಚಾರಿಸಿದರು, ಆಮೇಲೆ ಪಂಪು. ಬೇಕಾದ ಕಾಗದವನ್ನೆಲ್ಲ ತಾವೇ ಟೈಪ್ ಮಾಡಿ ಕಳಿಸಿದರು. ನಾಲ್ಕನೇ ದಿನ ಲಾರಿ ದಾಟಿತು.

ಆಮೇಲೆ ಸಭೆ. ಜರ್ಮನಿಯಲ್ಲಿ ತಪ್ಪು ಆದ ಮೇಲೆ ಬೈಗುಳ ಇಲ್ಲ, ಪ್ರೋಟೋಕಾಲ್ ಇದೆ. ಏನಾಯಿತು, ಯಾಕಾಯಿತು, ಯಾರಿಂದಾಯಿತು ಎಂದು ಬರೆದು ಸಹಿ ಹಾಕುತ್ತಾರೆ. ಬೈದರೆ ವಾಸಿ. ಹೆರ್ ಬ್ರಾಂಟ್ ಮೊದಲೇ ಬರೆದುಕೊಂಡು ಬಂದಿದ್ದರು: "ಕಾರಣ: ರಫ್ತು ವಿಭಾಗದಿಂದ ಮಾಹಿತಿ ಅಪೂರ್ಣ." ರಫ್ತು ವಿಭಾಗ ಎಂದರೆ ಫ್ರೌ ಲೆನ್ಜ್ ಒಬ್ಬರೇ. ಅವರನ್ನು ಸಭೆಗೆ ಕರೆದೂ ಇರಲಿಲ್ಲ. ನಾನು ಸಹಿ ಮಾಡಿದರೆ ಅವರ ಕುರ್ಚಿ ಹೋಯಿತು. ಮಾಡದಿದ್ದರೆ ನನ್ನ ನೌಕರಿ, ಅದರ ಹಿಂದೆ ಪಾಸ್‌ಪೋರ್ಟಿನ ಚೀಟಿ, ಅದರ ಹಿಂದೆ ಗೋಕಾಕದ ಓಣಿ, "ಯಾಕವ್ವಾ, ಇಷ್ಟ್ ಜಲ್ದಿ ಬಂದಿ?" ಎನ್ನುವ ಪ್ರಶ್ನೆ.

"ಇದು ಸರಿ ಅಲ್ಲ ಸರ್," ಎಂದೆ. "ಫ್ರೌ ಲೆನ್ಜ್ ಹೇಳಿದ್ದರು. ನಾನೇ ಕೇಳಲಿಲ್ಲ. ತಪ್ಪು ನನ್ನದು."

ಹೆರ್ ಬ್ರಾಂಟ್ ಪೆನ್ನು ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟುತ್ತಿದ್ದೆ. ಆದರೆ ಅವರ ಮುಖ ಅರಳಿತು. "ಒಳ್ಳೆಯದು! ಮೂಲತಃ ತಪ್ಪು ಸಿಕ್ಕಿತು" ಎಂದರು. ಹಳೆಯ ಸಾಲು ಹೊಡೆದು ಹಾಕಿ ಹೊಸದಾಗಿ ಬರೆದರು. "ತಪ್ಪು: ಪಾಟೀಲ. ಕಾರಣ: ಅಗತ್ಯ ಜ್ಞಾನ ಪ್ರೋಗ್ರಾಮಿನಲ್ಲಿಲ್ಲ, ಫ್ರೌ ಲೆನ್ಜ್ ಅವರಲ್ಲಿದೆ. ಪರಿಹಾರ: ಮೂರು ವಾರದಲ್ಲಿ ಪೂರ್ತಿ ವರ್ಗಾವಣೆ. ಹೊಣೆ: ಪಾಟೀಲ." ನಾನು ಸಹಿ ಮಾಡಿದೆ. ಸಂಜೆ ಮನೆಗೆ ಹೋಗಿ, ಇವತ್ತು ಒಬ್ಬರ ಅನ್ನ ಉಳಿಸಿ ಬಂದೆ ಎಂದು ನಮ್ಮವರ ಮುಂದೆ ಎದೆಯುಬ್ಬಿಸಿ ಹೇಳಿ ಎರಡು ರೊಟ್ಟಿ ಜಾಸ್ತಿ ಉಂಡೆ.

ಸೋಮವಾರ ಹೆರ್ ಬ್ರಾಂಟ್ ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಕೊನೆಯ ಕಾರ್ಡು ಒಳಗೆ ಹೋದ ದಿನ ಆ ಹುದ್ದೆ ರದ್ದು, ಫ್ರೌ ಲೆನ್ಜ್ ಅವರಿಗೆ ಮುಂಚಿತ ನಿವೃತ್ತಿ. "ಅಲ್ಲಿಯವರೆಗೆ ಅವರಿಗೆ ಹೇಳಬೇಡಿ. ಸಹಕಾರ ಕಡಿಮೆಯಾದೀತು." ನಾನು "ಆಯ್ತು ಸರ್" ಎಂದೆ. ಆ ಎರಡು ಶಬ್ದ ನಮಗೆ ತಾಯಿಯ ಹಾಲಿನ ಜೊತೆಗೇ ಬಂದಿರುತ್ತವೆ, ಬಾಯಿ ತೆರೆದರೆ ತಾವೇ ಬೀಳುತ್ತವೆ.

ಹೀಗೆ ಮೂರು ವಾರ ನಾವಿಬ್ಬರೂ ಮಗ್ಗುಲಲ್ಲಿ ಕೂತೆವು. ಅವರು ಓದುವುದು, ನಾನು ತುಂಬುವುದು. ಎಂಥೆಂಥ ಕಾರ್ಡುಗಳು! "ಈ ಸೇತುವೆಗೆ ಶುಕ್ರವಾರ ಊಟದ ಮೇಲೆ ಲಾರಿ ಕಳಿಸಬೇಡ." "ಇಲ್ಲಿ ನಾಲ್ಕು ಪ್ರತಿ ಎನ್ನುತ್ತಾರೆ, ಆರು ಕಳಿಸು." "ಈ ದೇಶವೂ ಆ ದೇಶವೂ ಫುಟ್‌ಬಾಲ್ ಆಡುವ ದಿನ ಗಡಿ ದಾಟುವ ಯೋಚನೆ ಬಿಡು, ಮರುದಿನ ಯಾರು ಸೋತರು ನೋಡಿಕೊಂಡು ಕಳಿಸು." "ಪರಾಗ್ವೆಗೆ ಸಮುದ್ರವಿಲ್ಲ. ಇದನ್ನು ಪ್ರತಿ ಹೊಸ ಮ್ಯಾನೇಜರಿಗೂ ಹೇಳಬೇಕು." ನಾನು ನಕ್ಕು ನಕ್ಕು ಸುಸ್ತಾಗಿ, ನಿಜವಾಗಿಯೂ ಫುಟ್‌ಬಾಲಿಗೆ ಒಂದು ಕಾಲಂ ಮಾಡಿದೆ. ನಾಲ್ಕು ದೇಶಗಳನ್ನು ಮತ್ತೆ ನಾಲ್ಕು ಮಾಡಿದೆ. ಮಧ್ಯಾಹ್ನ ನನ್ನ ಚಪಾತಿ, ಎಣ್ಣೆಗಾಯಿ ಅವರಿಗೆ, ಅವರ ಬೆಣ್ಣೆ ಹಚ್ಚಿದ ಬ್ರೆಡ್ಡು ನನಗೆ. ನಮ್ಮ ಮೇಜಿನ ಮೇಲೆ ಮಾತ್ರ ಮುಕ್ತ ಮಾರುಕಟ್ಟೆ ಚೆನ್ನಾಗಿ ನಡೆದಿತ್ತು.

ಮನೆಯಲ್ಲಿ ನಮ್ಮವರು ಬಿಡಲಿಲ್ಲ. "ಹೇಳಿಬಿಡು ಆಕಿಗೆ. ದಿನಾ ಆಕಿ ಕೈಯಿಂದ ಉಂಡು ಬರ್ತಿ."

"ಹೆಂಗ ಹೇಳ್ಲಿರಿ? ಸಾಹೇಬ್ರು ಬ್ಯಾಡಂದಾರ. ನನ್ನ ನೌಕರಿ ಹೋದ್ರ?"

"ಹೋದ್ರ ಹೋತು. ನಾ ಮತ್ತ ಹಗ್ಗ ಎತ್ತಾಕ ಹೋಗ್ತೀನಿ. ಎರಡು ಹೊಟ್ಟಿ ತುಂಬ್ತೈತಿ."

"ಶುಕ್ರವಾರ ಹೇಳ್ತೀನಿ" ಎಂದೆ. ಎರಡು ಶುಕ್ರವಾರ ಹೋದವು.

ಮೂರನೇ ವಾರದ ಬುಧವಾರ ಊಟದ ಹೊತ್ತಿಗೆ ಫ್ರೌ ಲೆನ್ಜ್ ಚಪಾತಿ ಮುರಿಯುತ್ತ, ಕತ್ತು ಎತ್ತದೆಯೇ ಕೇಳಿದರು.

"ಫ್ರೌ ಪಾಟೀಲ, ಇದೆಲ್ಲಾ ಒಳಗ ಹೋದ ಮ್ಯಾಲೆ ನನ್ನ ಕುರ್ಚಿ ಇರ್ತೈತೇನ್ರಿ?"

ಬಾಯಲ್ಲಿ ತುತ್ತಿತ್ತು. ನುಂಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನನಗೆ ಅವಕಾಶವಿತ್ತು. ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಎದುರಿಗೆ ಕೂತು ಹೇಳುವುದಿಲ್ಲ. ಸತ್ತವರ ನೆಂಟರಿಗೂ "ಸೀರಿಯಸ್ ಐತಿ, ಲಗೂ ಬರ್ರಿ" ಎಂದೇ ಹೇಳಿ ಕಳಿಸುವ ಜನ ನಾವು. ನಗುನಗುತ್ತಲೇ ಹೇಳಿದೆ. "ಏನ್ರಿ ನೀವು! ನಿಮ್ಮನ್ನ ಬಿಟ್ಟು ಇಲ್ಲಿ ಏನ್ ನಡೀತೈತಿ? ಇದ್ದ ಇರ್ತೈತಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಹೌದಾ" ಎಂದರು. ಕೈ ಒರೆಸಿಕೊಂಡು, "ಬರ್ರಿ, ಮುಂದಿನ ಕಾರ್ಡು" ಎಂದರು.

ಮರುದಿನ ಗುರುವಾರವೇ ಕಾರ್ಡುಗಳು ಮುಗಿದವು. ಶುಕ್ರವಾರ ಹೆರ್ ಬ್ರಾಂಟ್ ಹೂಗುಚ್ಛ ಹಿಡಿದುಕೊಂಡು ಬಂದು, ಫ್ರೌ ಲೆನ್ಜ್ ಅವರ ಮುಂಚಿತ ನಿವೃತ್ತಿ ಸಾರಿ, ಮೂಲತಃ ಇದು ಸಂತೋಷದ ಸಂದರ್ಭ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಪ್ಪು ಮಾಡಿದ ನನ್ನ ಕೆಲಸ ಉಳಿಯಿತು, ತಪ್ಪು ತಿದ್ದಿದವರ ಕೆಲಸ ಹೋಯಿತು.

ಜನ ಚದುರಿದ ಮೇಲೆ ಅವರ ಚೀಲ ಹಿಡಿದುಕೊಂಡು ಲಿಫ್ಟಿನ ತನಕ ಹೋದೆ. ಅಳು ಬಂದುಬಿಟ್ಟಿತು. "ನನಗ ಗೊತ್ತಿತ್ರಿ, ಫ್ರೌ ಲೆನ್ಜ್. ನಾ ಹೇಳಲಿಲ್ಲ" ಎಂದೆ.

"ನನಗೂ ಗೊತ್ತಿತ್ತು" ಎಂದರು. "ಇಲ್ಲಿ ಯಾರನ್ನ ತೆಗಿಬೇಕಾದ್ರೂ ಮೊದಲು ನೌಕರರ ಸಂಘಕ್ಕ ಹೇಳ್ಬೇಕು. ಅದು ಕಾಯಿದೆ. ಸಂಘದವ್ರು ಮೊದಲನೇ ಸೋಮವಾರನ ನನಗ ಹೇಳಿದ್ರು."

"ಮತ್ತ ಎಲ್ಲಾ ಕಾರ್ಡು ಯಾಕ್ ಕೊಟ್ರಿ? ಒಂದೆರಡು ಮುಚ್ಚಿಟ್ಕೊಬಹುದಿತ್ತಲ್ರಿ."

"ಅಲ್ಲಿ ಡೇರಿಯಾಗ ಹಾಲು ಕೆಡ್ತಾವಲ್ರಿ." ಇದನ್ನೂ ಕೇಳಬೇಕೇ ಎನ್ನುವಂತೆ ಹೇಳಿದರು.

ಲಿಫ್ಟು ಬಂತು. ಚೀಲ ನನ್ನ ಕೈಯಿಂದ ತೆಗೆದುಕೊಂಡರು. ನಾನು ಬಾಗಿಲಿಗೆ ಕೈ ಅಡ್ಡ ಇಟ್ಟು ಕೇಳಿದೆ. "ಗೊತ್ತಿದ್ದು ಗೊತ್ತಿದ್ದು ಬುಧವಾರ ನನ್ನ ಯಾಕ ಕೇಳಿದ್ರಿ?"

"ಇಡೀ ಆಫೀಸಿನಾಗ ಒಬ್ಬರರ ಹೇಳ್ತಾರೇನು ಅಂತ," ಎಂದರು, "ಹೇಳಿದ್ರ ಅದು ನೀವ ಇರ್ತೀರಿ ಅಂದ್ಕೊಂಡಿದ್ದೆ." ಸಿಟ್ಟಿರಲಿಲ್ಲ. ನನ್ನ ಕೈಯನ್ನು ಮೆಲ್ಲಗೆ ಸರಿಸಿದರು, ಬಾಗಿಲು ಮುಚ್ಚಿತು.

ಆಮೇಲೆ ನಾನು ಅದೇ ಕಂಪನಿಯಲ್ಲಿ ನಿವೃತ್ತಿಯವರೆಗೂ ಇದ್ದೆ. ಐದು ವರ್ಷದ ಚೀಟಿ ಖಾಯಂ ಚೀಟಿಯಾಯಿತು. ನನ್ನ ವೃತ್ತಿಯ ದೊಡ್ಡ ತಪ್ಪು ಯಾವುದು ಎಂದು ಯಾರು ಕೇಳಿದರೂ ನಾಲ್ಕು ದೇಶ ಒಂದು ಮಾಡಿದ ಕತೆ ಹೇಳಿ ನಗಿಸುತ್ತ ಬಂದೆ. ಅದಕ್ಕೆ ಪ್ರೋಟೋಕಾಲ್ ಇದೆ, ನನ್ನ ಸಹಿಯೂ ಇದೆ. ಆ ಬುಧವಾರದ್ದು ಯಾವ ಕಾಗದದಲ್ಲೂ ಇರಲಿಲ್ಲ. ಈಗ ಬರೆದಿದ್ದೇನೆ.